ಕೊನೆಯ ಪುಟಕ್ಕೆ ಪಿನ್ನು

ಏಳನೇ ತರಗತಿಗೆ ಭಾಷೆ ಕಲಿಸುವ ಟೀಚರಿಗೆ ಆ ವರ್ಷ ತಮ್ಮ ಕೆಲಸದ ಮೇಲೇ ಬೇಸರ ಬಂದಿತ್ತು. ಮಕ್ಕಳೇನೋ ಗಡಗಡನೆ ಓದುತ್ತಿದ್ದರು. ಆದರೆ ಕಣ್ಣು ಪುಟದ ಮೇಲೆ, ಮನಸ್ಸು ಮೈದಾನದಲ್ಲಿ. “ಅವನು ಬಾಗಿಲು ತೆಗೆದಾಗ ಏನು ಕಂಡಿತು?” ಎಂದು ಕೇಳಿದರೆ, “ಬಾಗಿಲು, ಟೀಚರ್” ಎಂಬ ಉತ್ತರ ಬರುತ್ತಿತ್ತು.

ಮನೆಯಲ್ಲಿ ಅವರ ಅತ್ತೆಗೆ ಪತ್ತೇದಾರಿ ಕಥೆಗಳ ಹುಚ್ಚು. ಮೊದಲು ಕೊನೆಯ ಪುಟ ಓದಿ, ಕೊಲೆಗಾರ ಯಾರೆಂದು ಊಟದ ಮೇಜಿನಲ್ಲೇ ಡಂಗುರ ಸಾರಿಬಿಡುತ್ತಿದ್ದರು. ಒಂದು ದಿನ ಟೀಚರಿಗೆ ತಡೆಯಲಾಗಲಿಲ್ಲ. ಅತ್ತೆಯ ಹೊಸ ಪುಸ್ತಕದ ಕೊನೆಯ ಪುಟಗಳಿಗೆ ಪಿನ್ನು ಹೊಡೆದುಬಿಟ್ಟರು. ಅತ್ತೆ ಎರಡು ದಿನ ಮುಖ ಊದಿಸಿಕೊಂಡೇ ಓದಿದರು. ಮೂರನೆಯ ದಿನ ಅಡುಗೆಮನೆಗೆ ಓಡಿಬಂದು, “ಡ್ರೈವರೇ ಕಣೇ! ಅಷ್ಟು ಮಳೇಲಿ ಬಂದೆ ಅಂತಾನೆ, ಬೂಟು ಮಾತ್ರ ಒಣಗಿದೆ!” ಎಂದು ಕೂಗಿದರು.

ಟೀಚರಿಗೆ ದಾರಿ ಹೊಳೆಯಿತು. ಮರುದಿನವೇ ತರಗತಿಯಲ್ಲಿ ಎಲ್ಲರ ಕೈಗೂ ಕೊನೆಯ ಪುಟಕ್ಕೆ ಪಿನ್ನು ಹೊಡೆದ ಕಥೆ ಬಂತು. ಒಬ್ಬಂಟಿ ಮುದುಕಿಯ ಮನೆ, ಬೀಗ ಹಾಕಿದ ಮಹಡಿ, ಸಂಜೆಯಾದರೆ ಅಲ್ಲಿ ಹೆಜ್ಜೆ ಸದ್ದು.

“ಅನುಮಾನ ಬಂದ ಕಡೆ ಪೆನ್ಸಿಲಲ್ಲಿ ಗೆರೆ ಎಳೀರಿ. ಏನೇ ಹೇಳಿದ್ರೂ ಯಾವ ಸಾಲು ಅಂತ ತೋರಿಸ್ಬೇಕು.”

“ದೆವ್ವ!”

“ಯಾವ ಸಾಲು?”

ದೆವ್ವದ ಪಕ್ಷದವರು ಮತ್ತೆ ಪುಟಕ್ಕೆ ಬಗ್ಗಿದರು. ಎಲ್ಲದಕ್ಕೂ ವಾದ ಹೂಡಿ ‘ಲಾಯರಮ್ಮ’ ಎನಿಸಿಕೊಂಡಿದ್ದ ಹುಡುಗಿ ಎದ್ದಳು. “ಒಬ್ಬಳೇ ಇರೋ ಅಜ್ಜಿ ದಿನಾ ಎರಡು ಬ್ರೆಡ್ ಯಾಕೆ ತರ್ತಾಳೆ? ಮೇಲೆ ಯಾರೋ ಇದಾರೆ!”

ತರಗತಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಗಲಾಟೆ ಕೇಳಿ ಹೆಡ್‌ಮಾಸ್ಟರರು ಗದರಲೆಂದೇ ಬಂದರು. ಬಂದವರು ಕಥೆ ಕೈಗೆತ್ತಿಕೊಂಡು ನಿಂತಲ್ಲೇ ಓದಿ, “ಬೆಕ್ಕಿರಬೇಕು” ಎಂದರು.

“ಯಾವ ಸಾಲು, ಸಾರ್?” ನಲವತ್ತು ಗಂಟಲುಗಳು ಒಟ್ಟಿಗೆ ಕೇಳಿದವು.

ಟೀಚರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಹೆಡ್‌ಮಾಸ್ಟರರು ಮಾತ್ರ ಕನ್ನಡಕ ಏರಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತು ಸಾಲು ಹುಡುಕತೊಡಗಿದರು. ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. “ಒಂದು ಹೆಜ್ಜೆ ಜೋರು, ಒಂದು ಮೆಲ್ಲಗೆ ಅಂತಿದೆ. ಕುಂಟ್ತಾ ಇದಾರೆ!” ಎಂದು ಮುಂದಿನ ಬೆಂಚಿನಿಂದ ಇನ್ನೊಬ್ಬಳು ಕೂಗಿದಳು.

ಪಿನ್ನು ಬಿಚ್ಚಿದರು. ಮಹಡಿಯಲ್ಲಿದ್ದವಳು ಮುದುಕಿಯ ತಂಗಿ. ಕಾಲು ಮುರಿದುಕೊಂಡಿದ್ದವಳು, ಯಾರ ಕಣ್ಣಿಗೂ ಬೀಳದಂತೆ ಮತ್ತೆ ನಡೆಯಲು ಕಲಿಯುತ್ತಿದ್ದಳು. ಲಾಯರಮ್ಮ ಬೆಂಚಿನ ಮೇಲೆ ಹತ್ತಿಯೇ ಬಿಟ್ಟಳು.

“ಬೆಕ್ಕಿದ್ದಿದ್ರೂ ತಪ್ಪೇನಿರ್ಲಿಲ್ಲ,” ಎಂದು ಗೊಣಗುತ್ತ ಹೊರಟ ಹೆಡ್‌ಮಾಸ್ಟರರು ಬಾಗಿಲಲ್ಲಿ ತಿರುಗಿ, “ಮುಂದಿನ ಕಥೆ ಯಾವತ್ತು, ಟೀಚರ್?” ಎಂದರು.

“ಗುರುವಾರ, ಸಾರ್,” ಎಂದು ಟೀಚರಿಗಿಂತ ಮೊದಲು ಮಕ್ಕಳೇ ಹೇಳಿದರು.