ಏಳು ವಾಕ್ಯ, ಹತ್ತೊಂಬತ್ತು ತಪ್ಪು

ನನಗೊಂದು ಚಟವಿದೆ. ಎಲೆಯಡಿಕೆಯದಲ್ಲ, ಇಸ್ಪೀಟಿನದಲ್ಲ, ತಿದ್ದುವ ಚಟ. ಹುಬ್ಬಳ್ಳಿಯ ಕಮರಿಪೇಟೆಯ ಒಂದು ಹಳೆಯ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಲಗ್ನಪತ್ರಿಕೆ, ಸೊಸೈಟಿಯ ವರದಿ, ಮಠದ ಪುರಾಣದ ಕರಪತ್ರ, ಏನೇ ಅಚ್ಚಾದರೂ ಮೊದಲು ನನ್ನ ಕಣ್ಣು ಹಾಯ್ದೇ ಹೋಗಬೇಕು. ಇದು ಪ್ರೆಸ್ಸಿನ ಬಾಗಿಲಲ್ಲೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಚಟ ನನ್ನ ಜೊತೆ ಬಸ್ಸು ಹತ್ತುತ್ತದೆ, ಖಾನಾವಳಿಗೂ ಬರುತ್ತದೆ. ಗೋಡೆಯ ಮೇಲೆ ‘ಶೇಂಗಾ ಹೋಳಗಿ’ ಎಂದು ಬರೆದದ್ದನ್ನು ನೋಡಿ, ‘ಹೋಳಿಗೆ’ ಆಗಬೇಕಲ್ಲ ಎಂದು ಚಿಂತಿಸುತ್ತ, ತಟ್ಟೆಯಲ್ಲಿದ್ದ ಹೋಳಿಗೆ ತಣ್ಣಗಾಗುವವರೆಗೆ ಕುಳಿತವನು ನಾನು.

ಇಂಥವನ ಮಗಳು ಸರಕಾರಿ ಕನ್ನಡ ಶಾಲೆಗೆ ಸೇರಿದ್ದು ಹೇಗೆಂದು ನೀವು ಕೇಳಬಹುದು. ಕೇಳಿದವರಿಗೆಲ್ಲ ನಾನು ಮಾತೃಭಾಷೆಯ ಮಹತ್ವದ ಮೇಲೆ ಹತ್ತು ನಿಮಿಷ ಮಾತಾಡಿದ್ದೇನೆ. ನಿಮ್ಮೊಬ್ಬರ ಮುಂದೆ ನಿಜ ಹೇಳುತ್ತೇನೆ: ಕಾರಣ ವ್ಯಾನು. ಸಂಗೀತಾಳನ್ನು, ಅಂದರೆ ನಮ್ಮ ಸಂಗಿಯನ್ನು, ಮೊದಲು ಊರಾಚೆಯ ಇಂಗ್ಲಿಷ್ ಶಾಲೆಗೆ ಹಾಕಿದ್ದೆವು. ಬೆಂಗೇರಿಯ ನಮ್ಮ ಓಣಿಯಿಂದ ಮುಂಜಾನೆ ಏಳಕ್ಕೆ ವ್ಯಾನು ಹೊರಡುತ್ತಿತ್ತು. ಮಗು ಅದರಲ್ಲಿ ದಿನಾ ವಾಂತಿ ಮಾಡಿಕೊಳ್ಳುತ್ತಿತ್ತು. ಮೂರನೆಯ ವಾರ ವ್ಯಾನಿನವನೇ ಕೈ ಮುಗಿದು, “ಸರ್, ಬ್ಯಾರೆ ವ್ಯವಸ್ಥಾ ಮಾಡ್ಕೋರಿ” ಅಂದ. ಸರಕಾರಿ ಶಾಲೆಗೆ ನಡೆದು ಹೋದರೆ ನಾಲ್ಕೇ ನಿಮಿಷ. ನನ್ನ ಭಾಷಾಭಿಮಾನ ಹುಟ್ಟಿದ್ದು ಹೀಗೆ.

ಶಾಲೆ ನಮ್ಮ ಓಣಿಯ ಹಾಗೆಯೇ ಇತ್ತು. ಒಂದು ದಿನ ಚೆನ್ನ, ಒಂದು ದಿನ ಇಲ್ಲ. ಅಲ್ಲಿಯ ಬಿಸಿಯೂಟದ ಸಾರು ಮನೆಯ ಸಾರಿಗಿಂತ ರುಚಿ ಎಂದು ಸಂಗಿ ತಾಯಿಯ ಎದುರಿಗೇ ಹೇಳಿದಳು. ಎರಡು ದಿನ ನಮ್ಮ ಮನೆಯಲ್ಲಿ ಸಾರೇ ಇರಲಿಲ್ಲ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ಕೂಡುತ್ತಿದ್ದರು. ಎಲ್ಲರಿಗೂ ಒಬ್ಬರೇ ಟೀಚರು, ಜರೀನಾ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವುದು ರೂಢಿ. ಪಕ್ಕದ ಮನೆಯವರು ತಮ್ಮ ಮೊಮ್ಮಗನನ್ನು ಸೇರಿಸಿದ ತಿಂಗಳಲ್ಲೇ ಬಿಡಿಸಿಕೊಂಡು ಹೋದರು. ಹುಡುಗ ಮನೆಯಲ್ಲಿ ಯಾರೂ ಕಲಿಸದ ಎರಡು ಬೈಗುಳ ಕಲಿತು ಬಂದಿದ್ದ. ಅದೇ ಓಣಿಯ ಗ್ಯಾರೇಜಿನ ಮೆಹಬೂಬಸಾಬರಿಗೆ ಮಾತ್ರ ಶಾಲೆಯ ಮೇಲೆ ಅಪಾರ ಪ್ರೀತಿ. ಅವರ ಮಗಳು ಸನಾ ನಮ್ಮ ಸಂಗಿಯ ಗೆಳತಿ. “ನಮ್ಮ ಸನಾ ಗ್ಯಾರೇಜಿನ ಬೋರ್ಡ್ ಓದ್ತಾಳ್ರಿ, ನನಗ ಇನ್ನೂ ಬರೂದಿಲ್ಲ” ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಸಂಗಿ ಎರಡನೆಯ ತರಗತಿಯಲ್ಲಿದ್ದಾಗ, ಒಂದು ರವಿವಾರ ಅವಳ ನೋಟುಬುಕ್ಕು ನನ್ನ ಕೈಗೆ ಸಿಕ್ಕಿತು. ‘ನಮ್ಮ ಮನೆ’ ಎಂದು ಅಕ್ಕೋರು ಕರಿಹಲಗೆಯ ಮೇಲೆ ಬರೆದ ಶೀರ್ಷಿಕೆ. ಅದರ ಕೆಳಗೆ ಸಂಗಿ ಬರೆದಿದ್ದಳು:

“ನಮ್ಮ ಮನಿ ಸಣ್ಣದ ಐತಿ. ಮುಂದ ಹುಣಸಿ ಗಿಡ ಐತಿ. ಅವ್ವ ರೊಟ್ಟಿ ಮಾಡತಾಳ. ಸಪ್ಪಳ ಆಕ್ಕೈತಿ. ಅಪ್ಪ ಮನ್ಯಾಗ ಎಲ್ಲರ ತಪ್ಪ ಹುಡಕತಾನ. ಅವಂಗ ರೊಟ್ಟ್ಯಾಗೂ ತಪ್ಪ ಸಿಗತೈತಿ. ನನಗ ನಮ್ಮ ಮನಿ ಭಾಳ ಸೇರತೈತಿ.”

ಏಳು ವಾಕ್ಯ. ಹತ್ತೊಂಬತ್ತು ತಪ್ಪು. ‘ಗಿಡ’ವನ್ನು ‘ಮರ’ ಮಾಡಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ ಬಿಟ್ಟುಕೊಟ್ಟೆ, ಇಲ್ಲದಿದ್ದರೆ ಇಪ್ಪತ್ತಾಗುತ್ತಿತ್ತು. ಇಷ್ಟೆಲ್ಲದರ ಕೆಳಗೆ ಅಕ್ಕೋರು ದೊಡ್ಡದೊಂದು ರೈಟ್ ಗುರುತು ಹಾಕಿ, ‘ಛಲೋ ಬರದಿ’ ಎಂದು ತಾವೂ ಒಂದು ತಪ್ಪು ಸೇರಿಸಿದ್ದರು.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಶಬ್ದದ ಕೊನೆಯ ಎಕಾರ ನಿಲ್ಲುವುದಿಲ್ಲ. ಬೆಂಗಳೂರಿನಿಂದ ಬರುವ ರೈಲು ಹರಿಹರ ಬಿಟ್ಟು ತುಂಗಭದ್ರೆಯ ಸೇತುವೆ ದಾಟುವಾಗ ಡಬ್ಬಿಯ ಜನರ ಬಾಯಲ್ಲಿದ್ದ ಮನೆಗಳೆಲ್ಲ ಮನಿಗಳಾಗುತ್ತವೆ, ಎಮ್ಮೆಗಳು ಎಮ್ಮಿಗಳಾಗುತ್ತವೆ, ಶಾಲೆ ಸಾಲಿಯಾಗುತ್ತದೆ. ನಾನು ಕಿವಿಗೊಟ್ಟು ಕೇಳಿದ್ದೇನೆ. ಪಂಡಿತರು ಇದಕ್ಕೆ ಏನೇನೋ ಹೆಸರು ಕೊಡುತ್ತಾರೆ. ಬಾಯಲ್ಲಿ ಇದು ಸಕ್ಕರೆ. ಧಾರವಾಡದ ಮಾತಿಗೆ ಊರೆಲ್ಲ ತಲೆದೂಗುತ್ತದೆ. ಕಾಗದದ ಮೇಲೆ ಇಳಿದರೆ ಮಾತ್ರ ತಪ್ಪು. ಆ ಕಾಗದದ ಕಾವಲುಗಾರ ನಾನು. ಹತ್ತೊಂಬತ್ತನ್ನೂ ಕೆಂಪು ಶಾಯಿಯಲ್ಲಿ ತಿದ್ದಿದೆ.

ನನ್ನ ಹೆಂಡತಿ ಶೈಲಾ ಹಿಂದಿನಿಂದ ಇಣುಕಿದಳು. “ಅಯ್ಯ, ಅದೇನು ಲಗ್ನಪತ್ರಿಕಾ ಏನ್ರಿ? ಕೂಸಿನ ಪುಸ್ತಕ ಅದು.”

“ಕೂಸಿನದಂತನಽ ತಿದ್ದಾಕತ್ತೇನಿ,” ಎಂದೆ.

ಮರುದಿನ ಶಾಲೆಗೆ ಹೋದೆ. ಜರೀನಾ ಅಕ್ಕೋರು ಕೋಣೆಯ ಒಂದು ಮೂಲೆಯವರಿಗೆ ಅಕ್ಷರ ಬರೆಸುತ್ತ, ಇನ್ನೊಂದು ಮೂಲೆಯವರ ಮಗ್ಗಿ ಕೇಳುತ್ತ, ಮೂರನೆಯ ಮೂಲೆಯಲ್ಲಿ ಜಡೆ ಎಳೆದಾಡುತ್ತಿದ್ದ ಇಬ್ಬರನ್ನು ಕಣ್ಣಲ್ಲೇ ಬಿಡಿಸುತ್ತಿದ್ದರು. ನಾನು ನೋಟುಬುಕ್ಕು ತೆರೆದು ಹಿಡಿದೆ.

“ಅಕ್ಕೋರ, ಇದಕ್ಕ ರೈಟ್ ಹಾಕೀರಲ್ಲರಿ?”

“ಹೌದ್ರಿ ಸರ್. ಛಲೋ ಬರದಾಳಲ್ಲರಿ.”

“ಹತ್ತೊಂಬತ್ತು ತಪ್ಪ ಅದಾವು.”

“ಎಣಿಸೀರೇನ್ರಿ?” ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. “ಪುಸ್ತಕದ ಮಾತೂ ಕಲಿಸಾಕತ್ತೇನ್ರಿ ಸರ್. ಆದ್ರ ಮನಿ ಬಗ್ಗೆ ಬರೀರಿ ಅಂದ್ರ ಮನ್ಯಾಗಿನ ಮಾತು ಬರತೈತಿ. ಮೊದಲ ಮನಸ್ಸಿನಾಗಿಂದು ಹಾಳಿ ಮ್ಯಾಲೆ ಬರಲಿ. ತಿದ್ದಾಕ ಮುಂದ ಭಾಳ ಮಂದಿ ಸಿಗತಾರ.”

ಆ ‘ಭಾಳ ಮಂದಿ’ಯಲ್ಲಿ ನಾನೂ ಇದ್ದೇನೆಂದು ಅನಿಸಿ ಸಿಟ್ಟು ಬಂತು. ಮನೆಗೆ ಬಂದು ಹೆಡ್ ಮಾಸ್ತರರಿಗೆ ಒಂದು ದೂರು ಬರೆದೆ. ಎರಡು ಪುಟ, ಒಂದೂ ತಪ್ಪಿಲ್ಲ. ಅಷ್ಟು ಒಳ್ಳೆಯ ಕನ್ನಡ ಆ ಶಾಲೆಯ ಕಡತದಲ್ಲಿ ಹಿಂದೆಂದೂ ಸೇರಿರಲಿಕ್ಕಿಲ್ಲ.

ಶನಿವಾರದ ಪಾಲಕರ ಸಭೆಯಲ್ಲಿ ಹೆಡ್ ಮಾಸ್ತರರು, “ಏನು ತಪ್ಪು ಅಂತ ನೀವಽ ಎಲ್ಲಾರಿಗೂ ಹೇಳ್ರಿ” ಎಂದು ನನ್ನನ್ನೇ ಎಬ್ಬಿಸಿದರು. ಮೂವತ್ತು ಜನರಿದ್ದರು. ನಾನು ಸಾಕ್ಷಿಗೆಂದು ಸಂಗಿಯ ಪುಟವನ್ನು ಗಟ್ಟಿಯಾಗಿ ಓದತೊಡಗಿದೆ. ಕರಡು ತಿದ್ದುವವರ ಒಂದು ಗುಟ್ಟು ನಿಮಗೆ ಗೊತ್ತಿರಲಿಕ್ಕಿಲ್ಲ: ನಾವು ಅಕ್ಷರ ನೋಡುತ್ತೇವೆ, ಅರ್ಥ ಓದುವುದಿಲ್ಲ. ಆ ಪುಟವನ್ನು ನಾನು ಹತ್ತು ಸಲವಾದರೂ ನೋಡಿದ್ದೆ. ಅದರಲ್ಲಿ ಏನು ಬರೆದಿದೆ ಎಂಬುದು ತಿಳಿದದ್ದು, “ಅವಂಗ ರೊಟ್ಟ್ಯಾಗೂ ತಪ್ಪ ಸಿಗತೈತಿ” ಎಂದು ಅಷ್ಟು ಜನರ ಮುಂದೆ ನನ್ನ ಬಾಯಿಂದಲೇ ಕೇಳಿದಾಗ.

ಸಭೆ ನಕ್ಕಿತು. ಹೆಡ್ ಮಾಸ್ತರರು ಕರವಸ್ತ್ರ ಬಾಯಿಗಿಟ್ಟುಕೊಂಡರು. ಮೆಹಬೂಬಸಾಬರು ಎದ್ದು ನಿಂತು ಬಹಳ ಗೌರವದಿಂದಲೇ ಕೇಳಿದರು, “ಸಾಹೇಬ್ರ, ಅಕ್ಷರ ತಪ್ಪಿರಬಹುದು. ಕೂಸು ಬರದಿದ್ದು ಖರೇನೋ ಸುಳ್ಳೋ, ಅದನ್ನ ಹೇಳ್ರಿ.”

ನಾನು ನೋಟುಬುಕ್ಕು ಮುಚ್ಚಿ ತಲೆಯೆತ್ತಿದೆ. ಕಿಟಕಿಯ ಹೊರಗೆ ಸಂಗಿ ಸರಳು ಹಿಡಿದು ನಿಂತಿದ್ದಳು. ಎಲ್ಲರೂ ನಗುತ್ತಿರುವುದು ತಾನು ಬರೆದದ್ದಕ್ಕೆ ಎಂದಷ್ಟೇ ಅವಳಿಗೆ ಗೊತ್ತಾಗಿತ್ತು. ನಾನು ನೋಡಿದ ಕೂಡಲೇ ಓಡಿಹೋದಳು.

ಮನೆಯಲ್ಲಿ ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಊಟ ಮಾಡಿದಳು, ಮಲಗಿದಳು. ಮುಂದಿನ ವಾರದ ಪುಟದಲ್ಲಿ ಹೀಗಿತ್ತು: “ಇದು ಹಸು. ಹಸುವಿಗೆ ನಾಲ್ಕು ಕಾಲುಗಳಿವೆ. ಹಸು ಹಾಲು ಕೊಡುತ್ತದೆ.” ಅದರ ಮುಂದಿನ ವಾರ: “ಇದು ಮರ. ಮರವು ನೆರಳು ಕೊಡುತ್ತದೆ.” ಒಂದೂ ಕಾಗುಣಿತದ ತಪ್ಪಿಲ್ಲ. ನಮ್ಮ ಓಣಿಯಲ್ಲಿ ಹಸು ಎಂಬ ಪ್ರಾಣಿಯೇ ಇಲ್ಲ, ಇರುವವೆಲ್ಲ ಆಕಳು. ಈ ಹಸು ಎಲ್ಲಿಂದಲೋ ಬಂದು ನನ್ನ ಮಗಳ ಪುಸ್ತಕದಲ್ಲಿ ನಾಲ್ಕು ಕಾಲೂರಿ ನಿಂತಿತ್ತು. ಅದಕ್ಕೆ ಕೊರಳಗಂಟೆಯಿರಲಿಲ್ಲ, ಹೆಸರಿರಲಿಲ್ಲ, ಅದು ಯಾರನ್ನೂ ಹಾಯುತ್ತಿರಲಿಲ್ಲ.

“ಈಗ ಸಮಾಧಾನ ಆತೇನ್ರಿ?” ಅಂದಳು ಶೈಲಾ. “ಒಂದೂ ತಪ್ಪಿಲ್ಲ.”

ನನಗೆ ಸಮಾಧಾನವಾಗಿರಲಿಲ್ಲ. ಮೂರು ದಿನ ಪ್ರೆಸ್ಸಿನಲ್ಲಿ ಕೆಲಸ ಸಾಗಲಿಲ್ಲ. ಒಂದು ಲಗ್ನಪತ್ರಿಕೆಯಲ್ಲಿ ವರನ ಹೆಸರು ಇರಬೇಕಾದಲ್ಲಿ ಮಾವನ ಹೆಸರು ಇದ್ದುದನ್ನು ಹಾಗೇ ಬಿಟ್ಟು, ಮಾಲಕರಿಂದ ಬೈಸಿಕೊಂಡೆ. ನಾಲ್ಕನೆಯ ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತೆ. ಜರೀನಾ ಅಕ್ಕೋರು ಬಂದರು. ನಾನು ಅವರ ಮೇಲೆ ದೂರು ಕೊಟ್ಟವನು; ಅವರು ಮುಖ ತಿರುಗಿಸಿಕೊಂಡು ಹೋಗಬಹುದಿತ್ತು, ನಿಂತರು.

“ಅಕ್ಕೋರ, ಸಂಗಿ ಮೊದಲಿನಂಗ ಬರಿಯಾಕ ಒಲ್ಲಳು,” ಎಂದೆ.

“ನೋಡೇನ್ರಿ,” ಅಂದರು. ಚೀಲವನ್ನು ಗೇಟಿನ ಕಂಬಕ್ಕೆ ಒರಗಿಸಿ, “ನಮ್ಮ ಮನ್ಯಾಗ ಉರ್ದುರಿ ಸರ್. ಕನ್ನಡ ಸಾಲಿಗೆ ಹಾಕಿದ್ರು. ಒಂದನೇ ಕ್ಲಾಸ್ ಪೂರಾ ನಾ ಬಾಯಿನಽ ಬಿಟ್ಟಿದ್ದಿಲ್ಲ, ಎಲ್ಲಿ ತಪ್ಪ ಆಕ್ಕೈತೋ ಅಂತ. ಆ ಅಂಜಿಕಿ ನನಗ ಗೊತ್ತೈತಿ,” ಅಂದರು. “ಒಂದು ಕೆಲಸ ಮಾಡ್ರಿ. ಆಕಿಗೆ ನೀವಽ ಒಂದು ಕಾಗದ ಬರೀರಿ. ಮನ್ಯಾಗ ಮಾತಾಡಿದಂಗ ಬರೀಬೇಕ್ ಮತ್ತ.”

ಬಹಳ ಸುಲಭವೆಂದುಕೊಂಡೆ. ಕುಳಿತರೆ ಪೆನ್ನು ಓಡಲಿಲ್ಲ. ‘ಪ್ರೀತಿಯ ಪುತ್ರಿಗೆ ಆಶೀರ್ವಾದಗಳು’ ಎಂದು ಬರೆದು ಹರಿದು ಹಾಕಿದೆ. ‘ಮನಿ’ ಎಂದು ಬರೆಯಲು ಹೋದರೆ ಕೈ ತಾನಾಗಿಯೇ ಏತ್ವ ಕೊಟ್ಟು ‘ಮನೆ’ ಮಾಡಿಬಿಡುತ್ತಿತ್ತು. ಕೊನೆಗೆ, ಯಾರಿಗೂ ಹೇಳದ ಒಂದು ಸಂಗತಿ ಬರೆದೆ.

ನಾನು ಮುಗದ ಎಂಬ ಹಳ್ಳಿಯವನು. ಅಲ್ಲಿಂದ ಧಾರವಾಡದ ಹೈಸ್ಕೂಲಿಗೆ ಬಂದ ಮೊದಲ ತಿಂಗಳು, ನಮ್ಮ ಎಮ್ಮೆಯ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ಅದು ಮಳೆಯಲ್ಲಿ ಮನೆಗೆ ಬರಲೊಲ್ಲದೆ ಕೆರೆಯಲ್ಲೇ ಕುಳಿತದ್ದು, ನಾನು ಅದರ ಬೆನ್ನ ಮೇಲೆ ಕುಳಿತು ನೆನೆದದ್ದು, ಎಲ್ಲವನ್ನೂ ಹುರುಪಿನಿಂದ ಬರೆದಿದ್ದೆ. ಮಾಸ್ತರರು ಅದನ್ನು ಎತ್ತಿ ಹಿಡಿದು, “ಇದನ್ನ ನೀ ಬರದೀಯೋ, ನಿಮ್ಮ ಎಮ್ಮಿ ಬರದೈತೋ?” ಅಂದರು. ತರಗತಿಯೆಲ್ಲ ನಕ್ಕಿತು. ಅಂದಿನಿಂದ ನಾನು ಕಾಗುಣಿತ ಕಲಿತೆ. ಎಷ್ಟು ಕಲಿತೆನೆಂದರೆ ಅದೇ ನನ್ನ ಹೊಟ್ಟೆಪಾಡಾಯಿತು. ಪ್ರಬಂಧ ಮಾತ್ರ ಮತ್ತೆ ಬರೆಯಲಿಲ್ಲ.

ಇದನ್ನೆಲ್ಲ ಮನೆಯ ಮಾತಿನಲ್ಲಿ ಬರೆದೆ. ಕೊನೆಗೆ, “ಸಂಗಿ, ನಾ ಮಂದಿ ಮುಂದ ನಿನ್ನ ಪುಸ್ತಕ ಓದಬಾರದಿತ್ತು. ತಪ್ಪ ನಂದು” ಎಂದು ಸೇರಿಸಿ, ಅವಳ ನೋಟುಬುಕ್ಕಿನಲ್ಲಿ ಇಟ್ಟೆ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ನನ್ನ ಊಟದ ಡಬ್ಬಿಯ ಚೀಲದಲ್ಲಿ ಒಂದು ಚೀಟಿ ಸಿಕ್ಕಿತು. ಪ್ರೆಸ್ಸಿನಲ್ಲಿ, ರೊಟ್ಟಿ ಬಿಚ್ಚಿಟ್ಟುಕೊಂಡು ಓದಿದೆ.

“ಅಪ್ಪಾ, ಆ ಮಾಸ್ತರ ಕೆಟ್ಟಾಂವ ಅದಾನ. ನಿನಗ ಅಳು ಬಂತೇನ? ನಾ ಅಲ್ಲಿ ಇದ್ದಿದ್ರ ನಗತಿದ್ದಿಲ್ಲ. ಎಮ್ಮಿ ಹೆಸರ ಏನ ಇತ್ತ?”

ಯಂತ್ರ ನಡೆಸುವವರು ಏನಾಯಿತೆಂದು ಕೇಳಿದರು. ಖಾರ ಹತ್ತಿತು ಎಂದೆ. ಎಮ್ಮೆಯ ಹೆಸರು ಗಂಗವ್ವ. ಅದನ್ನು ಅಂದೇ ಬರೆದು ತಿಳಿಸಿದೆ. ಅವಳು ಗಂಗವ್ವನ ಕೊಂಬು ಹೇಗಿದ್ದವು ಎಂದು ಕೇಳಿದಳು. ನಾನು ಚಿತ್ರ ಬರೆದೆ. ಅದು ಮೇಕೆಯಂತಿದೆ ಎಂದು ಉತ್ತರ ಬಂತು. ಹೀಗೆ ನಮ್ಮಿಬ್ಬರ ಟಪಾಲು ಶುರುವಾಯಿತು. ಶಾಲೆಯ ಪುಟದಿಂದ ಹಸು ಮೆಲ್ಲಗೆ ಎದ್ದು ಹೋಯಿತು. ಓಣಿಯ ಆಕಳು ಮೆಹಬೂಬಸಾಬರ ಗ್ಯಾರೇಜಿಗೆ ನುಗ್ಗಿ ಸೀಟಿನ ಸ್ಪಂಜು ತಿಂದ ಕಥೆ ಬಂತು. ನಾನು ಹೆಡ್ ಮಾಸ್ತರರ ಹತ್ತಿರ ಹೋಗಿ ದೂರು ವಾಪಸು ಕೇಳಿದೆ. “ಇರಲಿ ಬಿಡ್ರಿ, ಅಕ್ಷರ ಭಾಳ ಚಂದ ಅದಾವು, ಮಕ್ಕಳಿಗೆ ತೋರಸ್ತೇವಿ,” ಅಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಶಾಲೆಯ ಬಗ್ಗೆ ಎಲ್ಲರಿಗೂ ಒಳ್ಳೆಯ ಮಾತನ್ನೇ ಹೇಳಬಹುದಿತ್ತು. ಆದರೆ ಹೊಸ ವರ್ಷ ಶಾಲೆ ತೆರೆಯುವಾಗ ಜರೀನಾ ಅಕ್ಕೋರಿಗೆ ದೂರದ ಹಳ್ಳಿಗೆ ವರ್ಗವಾಗಿತ್ತು. ನಾವು ಹತ್ತಾರು ಪಾಲಕರು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ಅರ್ಜಿ ಬರೆದವನು ನಾನೇ. ಪ್ರಯೋಜನವಾಗಲಿಲ್ಲ. ಮೆಹಬೂಬಸಾಬರು ಬಹಳ ನೊಂದು, “ಅಕ್ಕೋರು ಇಲ್ಲದ ಸಾಲಿ ಏನು ಮಾಡೂದೈತ್ರಿ” ಎಂದು ಸನಾಳನ್ನು ಇಂಗ್ಲಿಷ್ ಶಾಲೆಗೆ ಹಾಕಿಬಿಟ್ಟರು. ಹೊಗಳಿದವರು ಹೋದರು, ದೂರು ಬರೆದವನು ಉಳಿದೆ. ಹೊಸದಾಗಿ ಬಂದ ಮಾಸ್ತರರಿಗೆ ಶುದ್ಧ ಬರಹದ ಮೇಲೆ ಬಹಳ ಕಟ್ಟುನಿಟ್ಟು. ಸಂಗಿ ಅವರ ತರಗತಿಯಲ್ಲಿ ‘ಮನೆ’ ಎಂದು ಬರೆದು, ಮನೆಗೆ ಬಂದು ಮಾಸ್ತರರ ನಡಿಗೆಯ ಬಗ್ಗೆ ನನಗೆ ಕಾಗದ ಬರೆಯುತ್ತಾಳೆ. ಆ ಕಾಗದಗಳನ್ನು ನಾನು ಯಾರಿಗೂ ಓದಿ ಹೇಳುವುದಿಲ್ಲ.

ಮೊನ್ನೆ ಓಣಿಗೆ ಹೊಸದಾಗಿ ಬಂದ ಒಬ್ಬ ಹೆಣ್ಣುಮಗಳು, ಕಂಕುಳಲ್ಲೊಂದು ಕೂಸನ್ನು ಎತ್ತಿಕೊಂಡು, ಐದು ವರ್ಷದ ಒಬ್ಬ ಹುಡುಗಿಯನ್ನು ನಡೆಸಿಕೊಂಡು ನಮ್ಮ ಬಾಗಿಲಿಗೆ ಬಂದಳು. “ಅಣ್ಣಾರ, ಇಲ್ಲಿ ಸರಕಾರಿ ಸಾಲಿ ಹ್ಯಾಂಗೈತ್ರಿ? ಛಲೋ ಐತೋ ಇಲ್ಲೋ, ಒಂದ ಮಾತು ಹೇಳ್ರಿ.”

ನಾನು ಒಂದು ಮಾತಿನ ಮನುಷ್ಯನಲ್ಲ. ಸಾರು ರುಚಿ ಇರುತ್ತದೆ ಎಂದೆ. ಒಳ್ಳೆಯ ಅಕ್ಕೋರು ಇದ್ದರು, ಈಗ ಇಲ್ಲ ಎಂದೆ. ಮಕ್ಕಳು ಬೈಗುಳ ಕಲಿಯುತ್ತಾರೆ, ಅದರ ಜೊತೆ ಬೇರೆಯದನ್ನೂ ಕಲಿಯುತ್ತಾರೆ ಎಂದೆ. ಕೊನೆಗೆ ಮನಸ್ಸು ತಡೆಯದೆ, “ಮಳಿ ಬಂದ್ರ ಮಕ್ಕಳು ಕೂಡೂ ಒಂದು ಖೋಲಿ ಸೋರತೈತ್ರಿ, ಮತ್ತ ಹೇಳಲಿಲ್ಲ ಅನಬ್ಯಾಡ್ರಿ,” ಎಂದೂ ಸೇರಿಸಿದೆ.

ಅವಳು ಕಂಕುಳಿನ ಕೂಸನ್ನು ಆ ಕಡೆಯಿಂದ ಈ ಕಡೆಗೆ ಹಾಕಿಕೊಂಡಳು.

“ಒಂದ ಖೋಲಿ ಏನ್ರಿ?” ಅಂದಳು. “ನಮ್ಮ ಮನಿ ಪೂರಾ ಸೋರತೈತಿ.”

ಹುಡುಗಿಯ ಕೈ ಹಿಡಿದು ಶಾಲೆಯ ಕಡೆ ನಡೆದೇಬಿಟ್ಟಳು.