ಎರಡನೆಯ ಎಡೆ

ಅಸಾಮಿಜು ಅವರು ನೌಕಾಪಡೆಯಲ್ಲಿ ಮೇಲೇರಿದ ಕಥೆಯನ್ನು ಕುರೆ ಬಂದರಿನ ಪತ್ರಿಕೆಗಳು ಬರೆದದ್ದು ಒಂದು ಬಗೆ, ಅವರ ಮನೆಗೆಲಸದ ತೊಕು ಬಲ್ಲದ್ದು ಇನ್ನೊಂದು ಬಗೆ. ಅವರು ಲೆಫ್ಟಿನೆಂಟ್ ಆಗಿದ್ದಾಗ ವಾರಕ್ಕೆ ಮೂರು ಬಿಳಿ ಸಮವಸ್ತ್ರ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಬೇಕಿತ್ತು. ಕಮಾಂಡರ್ ಆದಾಗ ಅದು ಏಳಾಯಿತು. ಕ್ಯಾಪ್ಟನ್ ಆದ ಮೇಲೆ ಊಟಕ್ಕೆ ಬರುವ ಅಧಿಕಾರಿಗಳ ಪಾತ್ರೆಯೂ ಸೇರಿತು. ಅಡ್ಮಿರಲ್ ಆದ ದಿನ ಊರಿಗೆ ಊರೇ ಗುಡ್ಡದ ಮೇಲಿನ ಮನೆಗೆ ಬಂದು ತಲೆಬಾಗಿ ಹೋಯಿತು. ಆ ದಿನ ತೊಕು ಹಿತ್ತಲಲ್ಲಿ ಕೂತು ನಲವತ್ತು ಕೆಂಪು ಮೀನು ಕೆರೆದು ತೊಳೆದಳು. ಉಪ್ಪುನೀರಿಗೆ ಬೆರಳು ವಾರವಿಡೀ ಉರಿಯಿತು.

ಅವಳು ಈ ಮನೆಗೆ ಬಂದಾಗ ಇಪ್ಪತ್ತೆರಡು ವರ್ಷ. ಗಂಡನನ್ನು ಸಮುದ್ರ ನುಂಗಿತ್ತು. ಎದೆಹಾಲು ಬಿಡಿಸಿದ ಮಗು ಸೊಕಿಚಿಯನ್ನು ಎದುರಿನ ದ್ವೀಪದಲ್ಲಿ ಅಣ್ಣನ ಮನೆಯಲ್ಲಿ ಬಿಟ್ಟು ದೋಣಿ ಹತ್ತಿದ್ದಳು. ವರ್ಷಕ್ಕೆರಡು ಸಲ, ಹಬ್ಬಕ್ಕೆ, ಮಗನನ್ನು ನೋಡಿ ಬರುತ್ತಿದ್ದಳು. ಮಗ ಬೆಳೆದು ನೌಕಾಪಡೆ ಸೇರಿದಾಗ ಅಡ್ಮಿರಲ್ಲರೇ ಕರೆದು, "ನನ್ನ ಹಡಗಿಗೇ ಹಾಕಿಸಿಕೊಳ್ತೀನಿ ತೊಕು, ನನ್ನ ಕಣ್ಣೆದುರಿಗೇ ಇರ್ತಾನೆ" ಎಂದಿದ್ದರು. ಅವಳು ಚಾಪೆಗೆ ಹಣೆ ತಾಗುವಷ್ಟು ಬಾಗಿದ್ದಳು. ಸೊಕಿಚಿಗೆ ಸಿಕ್ಕಿದ್ದು ಬಾಯ್ಲರ್ ಕೋಣೆಯ ಕೆಲಸ. ಅದು ಹಡಗಿನ ಹೊಟ್ಟೆಯಲ್ಲಿದೆ, ಅಡ್ಮಿರಲ್ಲರ ಕಣ್ಣಿಗೆ ಬೀಳುವ ಜಾಗವಲ್ಲ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

ಯಜಮಾನರಾದ ಅಡ್ಮಿರಲ್ಲರು ಯುದ್ಧಕ್ಕೆಂದು ಸಮುದ್ರಕ್ಕೆ ಹೋದ ದಿನದಿಂದ ಮನೆಯಲ್ಲಿ ಅವರಿಗೊಂದು ಎಡೆ. ಸತ್ತವರಿಗೆ ಇಡುವ ಎಡೆಯಲ್ಲ, ದೂರ ಹೋದವರು ಹಸಿಯಬಾರದೆಂದು ಅವರು ಕೂರುವ ಜಾಗದಲ್ಲಿ ಇಡುವ ಎಡೆ. ಬಿಸಿ ಅನ್ನ ಬಟ್ಟಲಿಗೆ ಹಾಕಿ ಮುಚ್ಚಬೇಕು. ಆಮೇಲೆ ತೆಗೆದಾಗ ಮುಚ್ಚಳದ ಒಳಗೆ ಹನಿ ಕಟ್ಟಿದ್ದರೆ ಹೋದವರು ಸುಖವಾಗಿದ್ದಾರೆ. ಯಜಮಾನರ ಹೆಂಡತಿ ಫುಸಾಕೊ ಅಮ್ಮನವರು ಕೈಮುಗಿದು ಮುಚ್ಚಳ ತೆಗೆಯುತ್ತಿದ್ದರು. ಬೇಯಿಸುವವಳು, ಬಡಿಸುವವಳು, ತೊಳೆಯುವವಳು ತೊಕು.

ಅಡುಗೆಮನೆಯ ಮೂಲೆಯಲ್ಲಿ ಅವಳೂ ಒಂದು ಎಡೆ ಇಡುತ್ತಿದ್ದಳು, ಪಡಿತರದ ತನ್ನ ಪಾಲಿನಿಂದ ಅರ್ಧ ತೆಗೆದು.

"ನಿನ್ನ ಮಗಂದು ಬೆವರ್ತೇನೇ?" ಎಂದು ಫುಸಾಕೊ ಕೇಳುವರು.

"ಬೆವರ್ತು ಅಮ್ಮಾವ್ರೇ, ಸುರಿಯೋ ಹಾಗೆ."

"ನಮ್ಮೋರದಕ್ಕಿಂತ ಜಾಸ್ತಿನಾ?"

"ಅವನು ಒಲೆ ಮುಂದೆ ಇರೋನಲ್ವೇ. ನಿಮ್ಮೋರು ಗಾಳಿಗೆ ನಿಂತಿರ್ತಾರೆ."

ಇಬ್ಬರೂ ನಗುತ್ತಿದ್ದರು. ಬಿಸಿ ಅನ್ನ ಮುಚ್ಚಿದರೆ ಯಾವ ಮುಚ್ಚಳವಾದರೂ ಬೆವರುತ್ತದೆಂದು ಅಡುಗೆ ಮಾಡುತ್ತಲೇ ಅರ್ಧ ಆಯುಷ್ಯ ಸವೆಸಿದವಳಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಹನಿ ಕಂಡ ಮೇಲೆಯೇ ಅವಳು ತುತ್ತು ಬಾಯಿಗಿಡುತ್ತಿದ್ದಳು.

ಜೂನ್ ತಿಂಗಳ ಕೊನೆಗೆ ಯಜಮಾನರು ಹೇಳದೆ ಕೇಳದೆ ಮನೆಗೆ ಬಂದರು. ಪತ್ರಿಕೆಯಲ್ಲಿ ದೊಡ್ಡ ಗೆಲುವೆಂದು ಬಂದಿತ್ತು. ನೆರೆಯವರು ಅಭಿನಂದನೆ ಹೇಳಲು ಬಂದರೆ ಅವರು ಒಳಗೇ ಕೂತರು. ತೊಕು ಕಟ್ಟಿಕೊಟ್ಟ ಟ್ರಂಕು ಜೊತೆಗೆ ಬಂದಿರಲಿಲ್ಲ. ಒಗೆಯಲು ಹಾಕಿದ ಒಳ ಅಂಗಿಯ ಅಂಚಿನಲ್ಲಿ ಬೇರೆ ಯಾರದೋ ಹೆಸರಿತ್ತು. ಅವರ ಬಟ್ಟೆಯ ಒಂದೊಂದರ ಮೇಲೂ ಹೆಸರು ಹೊಲಿದವಳು ತಾನೇ. ಇದು ತನ್ನ ಹೊಲಿಗೆಯಲ್ಲ. ಎಷ್ಟು ಉಜ್ಜಿದರೂ ಎಣ್ಣೆಯ ವಾಸನೆ ಹೋಗಲಿಲ್ಲ.

"ಟ್ರಂಕು ಎಲ್ಲಿ ಅಮ್ಮಾವ್ರೇ?"

"ಹಡಗಲ್ಲೇ ಇರುತ್ತೆ ಬಿಡು. ಗಂಡಸರ ವಿಷ್ಯ ನಮಗ್ಯಾಕೆ."

ಮೂರನೆಯ ದಿನ ಊಟಕ್ಕೆ ಬಡಿಸುವಾಗ ಯಜಮಾನರು ಹೆಂಡತಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. "ಚಕ್ರವರ್ತಿಗಳ ಭಾವಚಿತ್ರಕ್ಕೆ ಒಂದು ಚೂರೂ ಮುಕ್ಕಾಗಲಿಲ್ಲ. ಬಟ್ಟೇಲಿ ಸುತ್ತಿ, ಆರು ಜನ ಹಿಡಿದು, ದೋಣಿಗೆ ಇಳಿಸಿದರು. ನಾನು ಅದರ ಹಿಂದೇನೇ ಇಳಿದೆ."

"ದೇವರ ದಯೆ," ಎಂದರು ಫುಸಾಕೊ.

ತೊಕು ಸಾರಿನ ಬಟ್ಟಲು ಹಿಡಿದು ನಿಂತೇ ಇದ್ದಳು. ಚೆನ್ನಾಗಿರುವ ಹಡಗಿನಿಂದ ಯಾರಾದರೂ ಭಾವಚಿತ್ರ ಇಳಿಸುತ್ತಾರೆಯೆ?

ಸಂಜೆ ಸ್ನಾನಕ್ಕೆ ನೀರು ಕಾಯಿಸಿದಳು. ಯಜಮಾನರು ಒಳಗೆ ಕಬ್ಬಿಣದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದರು. ಒಲೆ ಗೋಡೆಯ ಈಚೆ, ಅಂಗಳದಲ್ಲಿ. ನಡುವೆ ಸಣ್ಣ ಕಿಟಕಿ.

"ಇನ್ನೊಂದು ಸೌದೆ ಹಾಕು ತೊಕು."

ಹಾಕಿದಳು. "ಯಜಮಾನ್ರೇ, ನಮ್ಮ ಸೊಕಿಚಿ ಯಾವ ದೋಣೀಲಿ ಇಳಿದ?"

ಒಳಗೆ ಯಜಮಾನರು ಮುಖಕ್ಕೆ ನೀರು ಎರಚಿಕೊಂಡರು.

"ಅದು ನೌಕಾಪಡೆಯ ಗುಟ್ಟು. ಕೇಳಬಾರದು."

"ಗುಟ್ಟು ನಿಮ್ಮ ಹತ್ರಾನೇ ಇರಲಿ. ನಾನು ಅಡುಗೆಯೋಳು, ಅಡುಗೆ ವಿಷ್ಯ ಕೇಳ್ತೀನಿ. ನಾಳೆ ಅವನ ಎಡೆಗೆ ಅನ್ನ ಹಾಕಲಾ, ಬೇಡ್ವಾ? ಅಷ್ಟು ಹೇಳಿ."

ಸೌದೆ ಚಟಚಟ ಎಂದಿತು.

"ಬೇಡ," ಎಂದರು ಅಡ್ಮಿರಲ್ಲರು. ಆಮೇಲೆ, "ಹಡಗು ಉರಿಯೋವಾಗ ಕೆಳಗಿದ್ದೋರು ಮೇಲೆ ಬರೋಕಾಗಲಿಲ್ಲ. ಬಾಗಿಲು ಬಿಸಿಗೆ ಹಿಡ್ಕೊಂಡುಬಿಟ್ಟಿತ್ತು."

ತೊಕು ಒಲೆಯಲ್ಲಿದ್ದ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದು ನೀರು ಸುರಿದು ಆರಿಸಿದಳು.

ಬೆಳಿಗ್ಗೆ ಅಡುಗೆಮನೆಯ ಮೂಲೆ ಖಾಲಿ ಇರುವುದನ್ನು ಕಂಡು ಫುಸಾಕೊ ಮೆಲ್ಲಗೆ ಅಂದರು, "ರಾತ್ರಿ ಅವರು ಹೇಳಿದ್ರು ಕಣೇ. ನನ್ನ ಹೊಟ್ಟೇಲೂ ಬೆಂಕಿ ಬಿದ್ದಿದೆ. ಆದ್ರೆ ಎಡೆ ನಿಲ್ಲಿಸಬೇಡ. ಪಕ್ಕದ ಮನೆ ಕೆಲಸದೋರು ಬಂದು ಹೋಗ್ತಿರ್ತಾರೆ, ಯಾಕೆ ಅಂತ ಕೇಳ್ತಾರೆ. ಸರ್ಕಾರದ ಕಾಗದ ಬರೋವರೆಗೆ ಇಡ್ತಾ ಇರು."

"ಮಗ ಇಲ್ಲ ಅಂತ ಗೊತ್ತಿದ್ದೂ ಯಜಮಾನ್ರು ಮೂರು ದಿನ ನನ್ನ ಕೈಲಿ ಇಡಿಸಿದ್ರಲ್ಲ ಅಮ್ಮಾವ್ರೇ, ಸಾಲ್ದಾ? ಆ ಎಡೆಗೆ ಬಿಟ್ಟ ಅರ್ಧ ಹೊಟ್ಟೆ ನಂದು."

ಬಟ್ಟೆ ಗಂಟು ಕಟ್ಟಿಕೊಂಡು ಅವಳು ಬಾಗಿಲಿಗೆ ಬಂದಾಗ ಯಜಮಾನರು ಅಡ್ಡ ನಿಂತರು. ಗಂಜಿ ಹಾಕದ ಸಮವಸ್ತ್ರ ಮೈಮೇಲೆ ಜೋತು ಬಿದ್ದಿತ್ತು.

"ಎಲ್ಲಿಗೆ?"

"ದ್ವೀಪಕ್ಕೆ. ಸೊಸೆಗೆ ಹೇಳ್ಬೇಕು."

"ಹಾಗೆಲ್ಲ ಬಾಯಿ ಬಿಟ್ಟರೆ ಮಿಲಿಟರಿ ಪೊಲೀಸರು ಹಿಡ್ಕೊಂಡು ಹೋಗ್ತಾರೆ."

"ಹಿಡಿಸಿ. 'ಯಾರು ಹೇಳಿದ್ದು' ಅಂತ ಮೊದ್ಲು ಅದನ್ನೇ ತಾನೇ ಅವರು ಕೇಳೋದು?"

ಇಪ್ಪತ್ತಮೂರು ವರ್ಷದಲ್ಲಿ ಅವಳು ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರು ಪಕ್ಕಕ್ಕೆ ಸರಿದರು. ಹಿಂದಿನಿಂದ ಫುಸಾಕೊ ಕೇಳಿದರು, "ಮಧ್ಯಾಹ್ನದ ಅಡುಗೆಗೆ ಏನು ಮಾಡ್ಲೇ?" ತಮಾಷೆಗಲ್ಲ, ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ.

ದ್ವೀಪದಲ್ಲಿ ಸೊಸೆ ಮಿನೆ ಗುಡ್ಡದ ಮೆಟ್ಟಿಲು ಹೊಲದಲ್ಲಿ ಗೆಣಸಿನ ಬಳ್ಳಿಗೆ ಮಣ್ಣು ಏರಿಸುತ್ತಿದ್ದಳು. ಮದುವೆಯಾಗಿ ಒಂದು ವರ್ಷ, ಗಂಡನೊಡನೆ ಬಾಳಿದ್ದು ಒಂಬತ್ತು ದಿನ. "ಅತ್ತೆ! ಹಬ್ಬ ಇಲ್ಲ ಏನಿಲ್ಲ, ಇದೇನು ಬಂದ್ರಿ? ಓಡಿಸಿದ್ರಾ?" ಎಂದು ನಕ್ಕಳು.

ತೊಕು ಪಕ್ಕದಲ್ಲಿ ಕುಕ್ಕರಿಸಿ ಬಳ್ಳಿ ಸರಿಮಾಡುವವಳಂತೆ ಬಗ್ಗಿ ಹೇಳಿದಳು. ನಾಲ್ಕೇ ಮಾತು.

ಮಿನೆಯ ಬಾಯಿ ತೆರೆಯಿತು. ತೊಕು ಮಣ್ಣಿನ ಕೈಯಿಂದಲೇ ಆ ಬಾಯಿ ಮುಚ್ಚಿದಳು. ಕೆಳಗಿನ ಹೊಲದಲ್ಲಿ ಜನ ಇದ್ದರು.

"ಈಗ ಬೇಡ ಮಗಳೇ. ಅಳೋಕೂ ಕಾಗದ ಬರಬೇಕಂತೆ."

ಕೆಳಗಿನ ಹೊಲದ ಮುದುಕಿ ತಲೆಯೆತ್ತಿ ಕೂಗಿದಳು, "ಏನು ತೊಕು, ಮಗ ಗೆದ್ದು ಬಂದ್ನಾ?"

ಕೈ ತೆಗೆಯದೆ ತೊಕು ಕೂಗಿ ಹೇಳಿದಳು, "ಅಡ್ಮಿರಲ್ಲರು ಬಂದ್ರು."

ಆಮೇಲೆ ಸೊಸೆಯ ಕೈಯಿಂದ ಗುದ್ದಲಿ ತೆಗೆದುಕೊಂಡು, ಅವಳನ್ನು ತನ್ನ ಬೆನ್ನ ಹಿಂದೆ ಮರೆಯಾಗುವಂತೆ ಕೂರಿಸಿ, ಉಳಿದ ಸಾಲಿಗೆ ಮಣ್ಣು ಏರಿಸತೊಡಗಿದಳು.