ಬೆಳಕು ಕಡಿಮೆ ಮಾಡುವ ಕಮಲಾಕ್ಷಿ

ಕಮಲಾಕ್ಷಿ ಮೂವತ್ತನಾಲ್ಕು ವರ್ಷ ಮಾಡಿದ ಕೆಲಸ ಬೆಳಕು ಕಡಿಮೆ ಮಾಡುವುದು. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಆಕೆ ಟೆಕ್ನಿಷಿಯನ್. ಯಾವ ಗಾಜು ಎಷ್ಟು ಬೆಳಕನ್ನು ಬಿಡುತ್ತದೆ, ಎಷ್ಟನ್ನು ನುಂಗುತ್ತದೆ ಎಂದು ಅಳೆದು ಸಹಿ ಹಾಕಬೇಕಿತ್ತು. ಗದಗಿನಿಂದ ಬಂದಿದ್ದ ಅತ್ತೆ ಒಮ್ಮೆ ಇದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, “ಕಿಟಕಿಗೆ ಪರದೆ ಹಾಕೂದಕ್ಕೂ ಸರ್ಕಾರ ಪಗಾರ ಕೊಡತೈತೇನ?” ಎಂದಿದ್ದರು. ನಿವೃತ್ತಿಯ ದಿನ ಸಾಹೇಬರು, “ಕಮಲಾಕ್ಷಿಯವರು ನಮ್ಮ ವಿಭಾಗದ ಬೆಳಕು” ಎಂದು ಭಾಷಣ ಮಾಡಿದಾಗ ಆಕೆಗೆ ನಗು ತಡೆಯುವುದು ಕಷ್ಟವಾಯಿತು.

ಮೆಹದಿಪಟ್ಟಣಂನ ಮನೆಯಲ್ಲಿ ನಿವೃತ್ತಿಯ ಮೊದಲ ವರ್ಷ ಸುಮ್ಮನೆ ಕಳೆಯಿತು. ಎರಡನೆಯ ವರ್ಷ ಮೇಲಿನ ಮಹಡಿಯ ರವಿಕಿರಣ ಬಂದ. ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಅವನು ಭೌತಶಾಸ್ತ್ರ ಕಲಿಸುತ್ತಿದ್ದ. ಕೈಯಲ್ಲಿ ಪೆನ್ನಿನಷ್ಟು ಉದ್ದದ ಹಸಿರು ಲೇಸರ್ ಪಾಯಿಂಟರ್ ಇತ್ತು. ಅದರ ಬಾಯಿಗೆ ಒಡೆದ ಕೂಲಿಂಗ್ ಗ್ಲಾಸಿನ ತುಂಡನ್ನು ಟೇಪಿನಿಂದ ಅಂಟಿಸಿದ್ದ.

“ಅಕ್ಕಾರ, ಆನ್‌ಲೈನ್ ತರಿಸಿದ್ದೆ. ಬೋರ್ಡಿನ ಮ್ಯಾಲೆ ಚುಕ್ಕಿ ನೋಡಿ ಹುಡುಗ್ರು ಕಣ್ಣು ಉರೀತಾವ ಅಂದ್ರು. ಅದಕ್ಕ ನಾನ ಫಿಲ್ಟರ್ ಹಾಕೇನಿ. ಈಗ ಸೇಫ್ ಐತ್ರಿ.”

“ಸೇಫ್ ಅಂತ ಯಾರು ಹೇಳಿದ್ರು?”

“ಕಣ್ಣಿಗೇ ಕಾಣತೈತಲ್ರಿ. ಎಷ್ಟು ಮಬ್ಬಾಗೇತಿ!”

ಅವನು ಗುಂಡಿ ಒತ್ತಲು ಹೋದಾಗ ಕಮಲಾಕ್ಷಿ ಪಾಯಿಂಟರನ್ನು ಕಸಿದುಕೊಂಡರು. ಗೋಡೆಗೆ ದೊಡ್ಡ ಕನ್ನಡಿ ಇತ್ತು, ಎದುರಿಗೆ ಗಂಡ ಚನ್ನಬಸಪ್ಪ ಪೇಪರ್ ಓದುತ್ತಿದ್ದರು.

“ಮನ್ಯಾಗ ಬ್ಯಾಡ. ಶನಿವಾರ ಬಾ, ಅಳದು ನೋಡೂಣು.”

ಕಾರ್ಖಾನೆಯಲ್ಲಿ ಕಮಲಾಕ್ಷಿಯ ಕೈಕೆಳಗೆ ಕೆಲಸ ಕಲಿತ ಸುಹಾಸಿನಿ ಈಗ ಒಂದು ಕಾಲೇಜಿನ ಲ್ಯಾಬಿನಲ್ಲಿದ್ದಳು. ಅಲ್ಲಿ ಲೇಸರಿನ ಶಕ್ತಿ ಅಳೆಯುವ ಪವರ್ ಮೀಟರ್ ಇತ್ತು. ಶನಿವಾರ ಅಲ್ಲಿ ಮೂವರೂ ರಕ್ಷಣೆಯ ಕನ್ನಡಕ ಹಾಕಿಕೊಂಡರು. ಪಾಯಿಂಟರಿನ ಮೇಲಿನ ಚೀಟಿಯಲ್ಲಿ ಐದು ಮಿಲಿವ್ಯಾಟಿಗಿಂತ ಕಡಿಮೆ ಎಂದು ಬರೆದಿತ್ತು. ತುಂಡು ಗಾಜು ತೆಗೆದು ಅಳೆದಾಗ ಮೀಟರ್ ತೊಂಬತ್ತೆರಡು ತೋರಿಸಿತು.

“ಅದಕ್ಕ ಅಲ್ರೀ ಗಾಜು ಹಾಕಿದ್ದು” ಎಂದ ರವಿಕಿರಣ, ಸ್ವಲ್ಪ ಹೆಮ್ಮೆಯಿಂದಲೇ.

ಗಾಜು ಹಾಕಿ ಅಳೆದರು. ಐವತ್ತೈದು.

ರವಿಕಿರಣ ಮೀಟರನ್ನು ಮೆಲ್ಲಗೆ ತಟ್ಟಿದ. ಸಂಖ್ಯೆ ಕದಲಲಿಲ್ಲ. ಕಮಲಾಕ್ಷಿ ಇನ್‌ಫ್ರಾರೆಡ್ ತಡೆಯುವ ಗಾಜೊಂದನ್ನು ನಡುವೆ ಹಿಡಿದರು. ಮೀಟರ್ ಮೂರಕ್ಕೆ ಇಳಿಯಿತು.

“ನೋಡು ತಮ್ಮಾ, ಹಸಿರು ಬರೇ ಮೂರು. ಉಳಿದ ಐವತ್ತೆರಡು ಕಣ್ಣಿಗೆ ಕಾಣಾಂಗಿಲ್ಲ, ಆದ್ರ ಕಣ್ಣು ಸುಡತೈತಿ. ಈ ಅಗ್ಗದ ಹಸಿರು ಲೇಸರಿನೊಳಗ ಇನ್‌ಫ್ರಾರೆಡ್ ಹುಟ್ಟತೈತಿ. ಅದನ್ನ ತಡಿಯೂ ಗಾಜು ಇದರಾಗ ಹಾಕಿಲ್ಲ. ನಿನ್ನ ಕೂಲಿಂಗ್ ಗ್ಲಾಸು ಕಾಣೂದನ್ನ ಅಷ್ಟ ನುಂಗತು, ಕಾಣದ್ದನ್ನ ಹಂಗ ಬಿಡತು.”

“ಅಂದ್ರ ಮೊದಲಿಗಿಂತ...”

“ಮೊದಲು ಭಾಳ ಬೆಳಕಂತ ಹುಡುಗ್ರು ಕಣ್ಣು ಮುಚ್ಚತಿದ್ರು. ನೀನು ಫಿಲ್ಟರ್ ಹಾಕಿ ಆ ಅಂಜಿಕೀನೂ ತಗದಿ.”

ಹನ್ನೊಂದು ವರ್ಷದಿಂದ ಮಕ್ಕಳಿಗೆ ಅಲೆಯುದ್ದದ ಲೆಕ್ಕ ಮಾಡಿಸುತ್ತಿದ್ದ ರವಿಕಿರಣ ಸ್ಟೂಲಿನ ಮೇಲೆ ಕುಳಿತುಬಿಟ್ಟ.

ಕಮಲಾಕ್ಷಿಗೆ ಅವನ ಮೇಲೆ ಕನಿಕರ ಹುಟ್ಟಿತು. ತುಸು ಖುಷಿಯೂ ಆಯಿತು, ಅದನ್ನು ಹೇಳಲಿಲ್ಲ. ಕೂಲಿಂಗ್ ಗ್ಲಾಸಿನ ತುಂಡನ್ನು ಕಿತ್ತು, ಹಿತ್ತಾಳೆಯ ಸಣ್ಣ ಕೊಳವೆಯಲ್ಲಿ ಮೊದಲು ಇನ್‌ಫ್ರಾರೆಡ್ ತಡೆಯುವ ಗಾಜು, ಅದರ ಮುಂದೆ ಐವತ್ತರಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಬಿಡುವ ಬೂದು ಗಾಜು ಕೂರಿಸಿದರು. ಗಾಜಿಗೆ ಬಡಿದು ತಿರುಗಿ ಬರುವ ಕಿರಣ ಕೊಳವೆಯೊಳಗೇ ಸಾಯಲಿ ಎಂದು ಎರಡನ್ನೂ ತುಸು ಓರೆ ಮಾಡಿದರು. ಯಾರೂ ಬಿಚ್ಚದ ಹಾಗೆ ಕೊಳವೆಯನ್ನು ಪಾಯಿಂಟರಿಗೆ ಭದ್ರವಾಗಿ ಅಂಟಿಸಿದರು. ಕೊನೆಗೆ ಮೀಟರ್ ಸುರಕ್ಷಿತ ಮಿತಿಯಾದ ಒಂದು ಮಿಲಿವ್ಯಾಟಿಗಿಂತ ಕೆಳಗೆ ನಿಂತಿತು. ಆ ಎರಡು ಗಾಜುಗಳ ಬೆಲೆಯಲ್ಲಿ ಅಂಥ ಆರು ಪಾಯಿಂಟರ್ ಬರುತ್ತಿದ್ದವು.

ಸೋಮವಾರ ಕೋಚಿಂಗ್ ಸೆಂಟರಿನ ಡೈರೆಕ್ಟರ್ ಬೇಸರಪಟ್ಟುಕೊಂಡರು. ಪಕ್ಕದ ಸೆಂಟರಿನವರ ಲೇಸರು ರಸ್ತೆಯಾಚೆಯ ನೀರಿನ ಟ್ಯಾಂಕಿನವರೆಗೆ ಹೋಗುತ್ತದಂತೆ, ನಮ್ಮದು ಬೋರ್ಡಿಗೇ ಸುಸ್ತಾಗುತ್ತದೆ ಎಂದರು. ರವಿಕಿರಣ ಬೋರ್ಡಿನ ಮೇಲಿನ ಟ್ಯೂಬ್‌ಲೈಟ್ ಆರಿಸಿದ. ಚುಕ್ಕಿ ಕೊನೆಯ ಬೆಂಚಿಗೂ ಸ್ಪಷ್ಟವಾಗಿ ಕಂಡಿತು. ಅಷ್ಟು ಸುಲಭದ ಉಪಾಯವನ್ನು ಡೈರೆಕ್ಟರ್ ನಂಬಲು ಒಂದು ವಾರ ಹಿಡಿಯಿತು. ನಂಬಿದ ಮೇಲೆ “ಲೇಸರ್ ಸುರಕ್ಷತಾ ದಿನ” ಎಂದು ಬ್ಯಾನರ್ ಮಾಡಿಸಿ ಕಮಲಾಕ್ಷಿಯನ್ನು ಕರೆದರು. ಬ್ಯಾನರಿನಲ್ಲಿ ಆಕೆಯ ಹೆಸರಿನ ಹಿಂದೆ “ಸೈಂಟಿಸ್ಟ್” ಎಂದಿತ್ತು. ನೌಕರಿಯಲ್ಲಿ ಸಿಗದ ಬಡ್ತಿ ಫ್ಲೆಕ್ಸ್ ಅಂಗಡಿಯಲ್ಲಿ ಸಿಕ್ಕಿತು.

ಮಕ್ಕಳಿಗೆ ಮನೆಯಲ್ಲಿರುವ ಪಾಯಿಂಟರುಗಳನ್ನು ತರಲು ಹೇಳಿದ್ದರು. ಮೂವತ್ತೊಂದು ಬಂದವು. ಸುಹಾಸಿನಿ ಮೀಟರ್ ತಂದಿದ್ದಳು. ಒಂದೊಂದನ್ನೇ ಅಳೆಯುತ್ತ ಕಮಲಾಕ್ಷಿ ತೆಲುಗಿನಲ್ಲೂ ಹಿಂದಿಯಲ್ಲೂ ಒಂದೇ ಮಾತು ಹೇಳಿದರು: ಮನೆಯಲ್ಲಿ ಗಾಜು, ಎಕ್ಸ್‌ರೇ ಫಿಲ್ಮು ಅಂಟಿಸಿ ಪ್ರಯೋಗ ಮಾಡಬೇಡಿ, ಅಳೆಯಲು ಆಗದಿದ್ದರೆ ಬಳಸಲೇಬೇಡಿ. ಚೀಟಿಯಲ್ಲಿ ಎಲ್ಲವೂ ಐದರೊಳಗೆ, ಮೀಟರಿನಲ್ಲಿ ನಲವತ್ತು, ಎಪ್ಪತ್ತು, ನೂರಹತ್ತು. ಸಂಖ್ಯೆ ಏರಿದಂತೆ ಚಪ್ಪಾಳೆಯೂ ಏರಿತು. ನೂರಹತ್ತರ ಒಡೆಯ ಎದ್ದು ನಿಂತು ಕೈ ಬೀಸಿದ.

ಕೊನೆಗೆ ಹರ್ಷದಾ ಎಂಬ ಹುಡುಗಿಯ ಹಳೆಯ ಕೆಂಪು ಪಾಯಿಂಟರ್ ಬಂತು. ಆಕೆಯ ಮನೆಯಲ್ಲೂ ಕನ್ನಡ. ಬೆಳಕು ಸಣ್ಣದೆಂದು ನಾಚಿಕೊಂಡು ತಡವಾಗಿ ಕೊಟ್ಟಿದ್ದಳು. ಮೀಟರ್ ಸೊನ್ನೆ ದಶಾಂಶ ಎಂಟು ತೋರಿಸಿತು. ಕಮಲಾಕ್ಷಿ ಹೊಸ ಸೆಲ್ ಹಾಕಿ ಮತ್ತೊಮ್ಮೆ ಅಳೆದರು. ಆಗಲೂ ಅಷ್ಟೇ.

“ಇಷ್ಟರಾಗ ಪಾಸಾಗಿದ್ದು ನಿಂದೊಂದ ನೋಡವ್ವ” ಎಂದು ಅದನ್ನು ಎರಡೂ ಕೈಯಿಂದ ಹಿಂದಿರುಗಿಸಿದರು.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಹರ್ಷದಾಳ ಮುಖ ಸಪ್ಪಗಾಯಿತು.

“ಆಂಟಿ,” ಎಂದಳು ಮೆಲ್ಲಗೆ, “ಇದನ್ನ ಜಾಸ್ತಿ ಮಾಡಾಕ ಏನರ ಗಾಜು ಸಿಗತೈತೇನ್ರಿ?”